ಕಾಟಿ ಕಟ್ಟುವ ಬಗೆ: ಊರಿನ ವನ್ಯಜೀವಿ ಮೆರವಣಿಗೆಗೆ ಕೈಯಾರೆ ಪ್ರಾಣಿ ಮಾಡಿಕೊಂಡು ಹೋಗುವವರಿಗೆ

ನಾವು ಮೊದಲ ಸಲ ಕಟ್ಟಿದ ಕಾಟಿ, ಅಂದರೆ ಕಾಡುಕೋಣ, ಶೆಡ್ಡಿನಿಂದ ಆಚೆಗೇ ಬರಲಿಲ್ಲ. ಉದ್ದ ಏಳಡಿ, ಎತ್ತರ ಐದಡಿ, ಹೊಟ್ಟೆಯ ಹತ್ತಿರ ಅಗಲ ಮೂರೂಮುಕ್ಕಾಲು ಅಡಿ. ಶೆಡ್ಡಿನ ಬಾಗಿಲು ಮೂರೇ ಅಡಿ. ಮೆರವಣಿಗೆಯ ದಿನ ಬೆಳಿಗ್ಗೆ ಆರೂವರೆಗೆ ಗರಗಸ ಹಿಡಿದು ಕಾಟಿಯನ್ನು ನಡುವಿಗೆ ಎರಡು ಹೋಳು ಮಾಡಿ, ಒಂದೊಂದೇ ಹೋಳನ್ನು ಅಂಗಳಕ್ಕೆ ತಂದು, ಸೈಕಲ್ ಟ್ಯೂಬಿನ ಸೀಳಿನಿಂದ ಮತ್ತೆ ಬಿಗಿದೆವು. ಅವತ್ತು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ನಡೆದು ಹೋದ ಕಾಟಿಗೆ ಹೊಟ್ಟೆಯ ಮೇಲೆ ಆಪರೇಷನ್ ಆದಂಥ ಗಾಯವಿತ್ತು. ನೋಡಿದವರೊಬ್ಬರು, "ಪಾಪ, ಉರುಳಿಗೆ ಸಿಕ್ಕಿದ್ದು ಇರಬೇಕು" ಅಂದರು. ನಾವು ತಲೆಯಾಡಿಸಿದೆವು.

ಹಾಗಾಗಿ ಮೊದಲ ಸೂಚನೆ ಇದು: ಯಾವ ಪ್ರಾಣಿ ಎಂದು ತೀರ್ಮಾನಿಸುವ ಮೊದಲು ಬಾಗಿಲು ಅಳೆಯಿರಿ. ಗೇಟನ್ನೂ ಅಳೆಯಿರಿ, ಒಯ್ಯುವ ಗಾಡಿಯ ಹಿಂಬದಿಯನ್ನೂ ಅಳೆಯಿರಿ.

ನಾನು ಕಲಾವಿದೆಯಲ್ಲ. ತೋಟದ ಲೆಕ್ಕಪತ್ರ ಬರೆಯುವವಳು. ಬೀದಿಯ ಏಳೆಂಟು ಮಂದಿ ಸೇರಿ ಪ್ರತಿ ವರ್ಷ ಒಂದೆರಡು ಪ್ರಾಣಿ ಕಟ್ಟುತ್ತೇವೆ. ಕೆಳಗೆ ಬರೆದಿರುವುದರಲ್ಲಿ ಅರ್ಧ, ಕೆಡಿಸಿ ಕಲಿತದ್ದು.

ಎಂಥ ಮೆರವಣಿಗೆ, ಯಾವಾಗ

ವನ್ಯಜೀವಿ ಸಪ್ತಾಹ ಅಕ್ಟೋಬರ್ 2ರಿಂದ 8ರವರೆಗೆ. ನಮ್ಮ ಕಡೆಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಳೆಯ ಜೋರು ಇಳಿದಿರುತ್ತದೆ, ಅರೇಬಿಕಾ ಕಾಫಿಯ ಕುಯ್ಲು ಇನ್ನೂ ಶುರುವಾಗಿರುವುದಿಲ್ಲ, ದಸರಾ ರಜೆ ಹಿಂದೆಯೋ ಮುಂದೆಯೋ ಇರುತ್ತದೆ. ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಗಣಪತಿ ಬಿಟ್ಟ ಮಾರನೆಯ ದಿನ ಊರ ತುಂಬ ಪೆಂಡಾಲು ಬಿಚ್ಚುತ್ತಾರೆ. ಗಳ, ಬಿದಿರು, ಹಗ್ಗ, ಬಟ್ಟೆ ಎಲ್ಲ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಕೇಳಿದರೆ ಕೊಡುತ್ತಾರೆ. ಅವತ್ತೇ ನಿಮ್ಮ ಕೆಲಸ ಶುರುವಾಗಲಿ. ಮೂರು ವಾರಕ್ಕಿಂತ ಕಡಿಮೆ ಸಮಯವಿದ್ದರೆ ದೊಡ್ಡ ಪ್ರಾಣಿಗೆ ಕೈ ಹಾಕಬೇಡಿ.

ಕೈಯಲ್ಲಿ ಮಾಡಿದ ಪ್ರಾಣಿಗಳನ್ನು ಹೊತ್ತು ಊರಿಗೆ ಊರೇ ಬೀದಿಗಿಳಿಯುವ ಒಂದು ಮೆರವಣಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಪಟ್ಟಣದಲ್ಲಿ 1995ರಲ್ಲಿ ಶುರುವಾಯಿತು. ಅವರದು ಮೂರೇ ಕಟ್ಟಳೆ: ಬರಹ ಇರಬಾರದು, ಜೀವಂತ ಸಾಕುಪ್ರಾಣಿ ಬರಬಾರದು, ಮೋಟಾರು ವಾಹನ ಬರಬಾರದು. ಮೊದಲನೆಯದನ್ನು ನಾವು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ನಮ್ಮಲ್ಲಿ ಮೆರವಣಿಗೆ ಎಂದರೆ ಮುಂದೆ ಬ್ಯಾನರು, ಬ್ಯಾನರಿನಲ್ಲಿ ಹನ್ನೆರಡು ಮುಖ, ಮೂಲೆಯಲ್ಲೊಂದು ಹುಲಿ. "ಕಾಡು ಉಳಿಸಿ" ಎಂದು ಫಲಕದಲ್ಲಿ ಬರೆದುಬಿಟ್ಟರೆ ಪ್ರಾಣಿ ಹೇಗಿದ್ದರೂ ನಡೆಯುತ್ತದೆ. ಫಲಕ ಇಲ್ಲದಿದ್ದರೆ, ಇದು ಯಾವ ಪ್ರಾಣಿ ಎಂದು ರಸ್ತೆಯಾಚೆ ನಿಂತ ಅಜ್ಜಿಗೆ ತಿಳಿಸುವ ಹೊಣೆ ನಿಮ್ಮ ಕೈಕಾಲಿನ ಮೇಲೆ ಬೀಳುತ್ತದೆ.

ಹಾಗೆ ನೋಡಿದರೆ ನಮಗೆ ಇದು ಹೊಸ ವಿದ್ಯೆಯೂ ಅಲ್ಲ. ಬಿದಿರಿನ ಚೌಕಟ್ಟಿನೊಳಗೆ ಹೊಕ್ಕು ಹೆಗಲ ಮೇಲೆ ಹೊತ್ತು ಕುಣಿಯುವ ಗಾರುಡಿ ಗೊಂಬೆ, ಸೊಂಟಕ್ಕೆ ಕಟ್ಟಿಕೊಳ್ಳುವ ಕೀಲುಕುದುರೆ, ಹಾಸನ, ತುಮಕೂರು ಕಡೆಯ ಸೋಮನ ಮುಖ, ಕರಾವಳಿಯ ಹುಲಿವೇಷ, ಇವೆಲ್ಲದರ ಅಂಗಸಾಧನೆ ಒಂದೇ. ಊರಹಬ್ಬದಲ್ಲಿ ಗಾರುಡಿ ಗೊಂಬೆ ಕಂಡರೆ ಮುಂದಿನಿಂದ ನೋಡಿ ಬಂದುಬಿಡಬೇಡಿ. ಹಿಂದೆ ಹೋಗಿ, ಹೆಗಲಿಗೆ ಹೇಗೆ ಕಟ್ಟಿದ್ದಾರೆ, ಹೊತ್ತವರು ಎಲ್ಲಿಂದ ನೋಡುತ್ತಾರೆ ಎಂದು ಗಮನಿಸಿ.

ಹುಲಿ ಬಿಟ್ಟು ಯೋಚಿಸಿ

ನಾವು ಹೋದ ಮೊದಲ ವರ್ಷ ಎಣಿಸಿದೆ: ಹನ್ನೊಂದು ಹುಲಿ, ಒಂದೂ ಕಪ್ಪೆಯಿಲ್ಲ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿದ್ದು ನಿಜ, ಹುಲಿ ನಮ್ಮದೇ. ಆದರೆ ಹನ್ನೊಂದು ಹುಲಿ ತಿನ್ನುವುದೇನನ್ನು? ಮುಂದೆ ನಾಲ್ಕು ಕಡವೆ, ಒಂದು ಕಾಟಿ, ಹಿಂಡು ಜಿಂಕೆ ಇದ್ದರೆ ತಾನೇ ಹಿಂದೆ ಬರುವ ಒಂದು ಹುಲಿಗೆ ಬೆಲೆ.

ಚಿಕ್ಕಮಗಳೂರು ಜಿಲ್ಲೆಯಷ್ಟು ಬಗೆಬಗೆಯ ನೆಲ ಬೇರೆ ಕಡೆ ಸಿಗುವುದು ಕಷ್ಟ. ಮುತ್ತೋಡಿಯ ಕಡೆಯವರಾದರೆ ಕಾಟಿ, ಕೆಂದಳಿಲು. ಕಳಸ, ಕುದುರೆಮುಖದವರಿಗೆ ಸಿಂಗಳೀಕ: ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಲಕ್ಕವಳ್ಳಿಯವರಿಗೆ ರಿವರ್ ಟರ್ನ್: ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಏಳುವ ನಡುಗಡ್ಡೆಯಲ್ಲಿ ಮೊಟ್ಟೆಯಿಡುವ ಹಕ್ಕಿ, ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ಮಲೆನಾಡಿನವರು ಮರೆತೇಬಿಡುವ ಕಡೂರಿನ ಬಯಲಿನಲ್ಲಿ ಬಾಸೂರು ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿದೆ. 2011ರಲ್ಲಿ ಅದನ್ನು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಕಡೂರಿನವರು ಕೃಷ್ಣಮೃಗ ಬಿಟ್ಟು ಹುಲಿ ಕಟ್ಟಿಕೊಂಡು ಬಂದರೆ ನನಗೆ ಸ್ವಲ್ಪ ಬೇಜಾರು. ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆಯವರಿಗೆ ಕರಡಿ ಇದೆ, ನೀಲಕಂಠ ಇದೆ. ಚಿಕ್ಕ ಮಕ್ಕಳಿಗೆ ಜೀರುಂಡೆ, ಮರಗಪ್ಪೆ, ಮಿಂಚುಹುಳು. ಗಿಡವಾಗಿ ಬರುತ್ತೇನೆ ಎನ್ನುವವರನ್ನೂ ತಡೆಯಬೇಡಿ. 2022ರಲ್ಲಿ ಮುಳ್ಳಯ್ಯನಗಿರಿ ಸಾಲಿನಲ್ಲಿ ಅರಳಿದ ಕುರಿಂಜಿ ನೋಡಿದ ಹುಡುಗಿಯೊಬ್ಬಳು ನೀಲಿ ಕಾಗದದ ಬೆಟ್ಟವಾಗಿಯೇ ಬಂದಿದ್ದಳು.

ಆನೆಯ ವಿಷಯ ಬೇರೆಯೇ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ಎಂದರೆ ಬರಿಯ ಪ್ರಾಣಿಯಲ್ಲ. ಭೀಮ, ಕರಡಿ, ಕ್ಯಾಪ್ಟನ್ ಎಂದು ಹೆಸರಿಟ್ಟು ಗುರುತು ಹಿಡಿಯುವ ಜನವೇ, ರಾತ್ರಿ ತೋಟಕ್ಕೆ ಹೋಗಲು ಹೆದರುತ್ತಾರೆ. ಆನೆಯ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರು ರಸ್ತೆ ಬದಿ ನಿಂತಿರಬಹುದು. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ಸತ್ತದ್ದೂ ಜನರ ಮನಸ್ಸಿನಿಂದ ಹೋಗಿಲ್ಲ. ಆದ್ದರಿಂದ ಆನೆ ಕಟ್ಟುವುದಾದರೆ ಸೊಂಡಿಲು ಎತ್ತಿ ಟಾಟಾ ಮಾಡುವ, ಹಾಡಿಗೆ ಕುಣಿಯುವ ಆನೆ ಬೇಡ. ತಾಯಿ, ಮರಿ, ಅಕ್ಕಪಕ್ಕ ಇನ್ನೆರಡು, ನಿಧಾನಕ್ಕೆ ದಾಟಿಹೋಗುವ ಹಿಂಡು ಮಾಡಿ. ಸದ್ದಿಲ್ಲದೆ ನಡೆಯಿರಿ. ಒಮ್ಮೆ ಹಾಗೆ ನಡೆದಾಗ ರಸ್ತೆಬದಿಯ ಗದ್ದಲ ತಾನಾಗಿ ತಗ್ಗಿದ್ದನ್ನು ಕಂಡಿದ್ದೇನೆ.

ಹಳೇಬೀಡಿನ ಮಕರ ತರುತ್ತೇವೆ ಎಂದು ಕಾಲೇಜು ಹುಡುಗರು ಕೇಳಿದ್ದರು. ಅದು ನಮ್ಮ ಕಲ್ಲಿನಲ್ಲಿದೆ, ಕಾಡಿನಲ್ಲಿಲ್ಲ ಮಾರಾಯ ಎಂದೆ. ಆದರೆ ಹಳೇಬೀಡಿಗೆ ಹೋಗಿಬನ್ನಿ. ಹೊಯ್ಸಳೇಶ್ವರದ ಗೋಡೆಯ ತಳದ ಪಟ್ಟಿಕೆಯಲ್ಲಿ ಸಾಲಾಗಿ ಸಾಗುವ ಆನೆಗಳನ್ನು ಒಂದು ಗಂಟೆ ಕೂತು ನೋಡಿ. ಅಲಂಕಾರ ಎಷ್ಟೇ ಇದ್ದರೂ ಆ ಕಾಲುಗಳ ಭಾರ, ಬೆನ್ನಿನ ಗೆರೆ ತಪ್ಪಿಲ್ಲ. ನಿಮಗೆ ಬೇಕಾದ ಪಾಠ ಅದೇ.

ಗುರುತು ಹಿಡಿಸುವ ಒಂದೆರಡು ಲಕ್ಷಣ

ಮೂವತ್ತು ಅಡಿ ದೂರದಿಂದ ಯಾರಿಗೂ ಕಣ್ಣಿನ ರೆಪ್ಪೆ ಕಾಣುವುದಿಲ್ಲ. ಪ್ರತಿ ಪ್ರಾಣಿಗೂ ದೂರದಿಂದಲೇ ಹೆಸರು ಹೇಳಿಸುವ ಒಂದೆರಡು ಗುರುತುಗಳಿರುತ್ತವೆ. ಅವನ್ನು ದೊಡ್ಡದಾಗಿ, ಸರಿಯಾಗಿ ಮಾಡಿ. ಉಳಿದದ್ದು ಹೇಗಿದ್ದರೂ ನಡೆಯುತ್ತದೆ.

ಕಾಟಿಗೆ ಮೂರು: ಹೆಗಲಿನಿಂದ ಬೆನ್ನಿನ ನಡುವಿನ ತನಕ ಎದ್ದು ಅಲ್ಲಿ ಥಟ್ಟನೆ ಇಳಿದುಬಿಡುವ ದಿಂಡು, ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ, ಕೊಂಬುಗಳ ನಡುವೆ ಬೂದುಬಣ್ಣದ ಹಣೆ. ದಿಂಡು ತಪ್ಪಿದರೆ ಅದು ಎಮ್ಮೆಯಾಗುತ್ತದೆ. ಕೆಂದಳಿಲಿಗೆ ಮೈಗಿಂತ ಉದ್ದದ ಬಾಲ. ದೊಡ್ಡ ದಾಸಮಂಗಟ್ಟೆಗೆ (ಹಾರ್ನ್‌ಬಿಲ್ ಹಕ್ಕಿ) ಕೊಕ್ಕಿನ ಮೇಲೆ ಕೂತ ಹಳದಿ ಶಿರಸ್ತ್ರಾಣ. ಸದರ್ನ್ ಬರ್ಡ್‌ವಿಂಗ್ ಚಿಟ್ಟೆ ನಮ್ಮ ರಾಜ್ಯದ ಚಿಟ್ಟೆ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಂಬಣ್ಣ. ಮಕ್ಕಳು ಇದರ ಬದಲು ಕಾಮನಬಿಲ್ಲಿನ ಚಿಟ್ಟೆ ಮಾಡಲು ಹೊರಡುತ್ತಾರೆ. ಎರಡೇ ಬಣ್ಣದ ನಿಜವಾದ ಚಿಟ್ಟೆ ಬೀದಿಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಒಮ್ಮೆ ಮಾಡಿ ತೋರಿಸಿ.

ಸಾಮಾನು

ಅಂಗಡಿಗೆ ಹೋಗುವ ಮೊದಲು ಅಟ್ಟ ಹತ್ತಿ. ಹಳೆ ಕೊಡೆಯ ಕಡ್ಡಿ ಹಕ್ಕಿಯ ರೆಕ್ಕೆಗೆ, ಅದರ ಕರಿಬಟ್ಟೆ ಕಾಟಿಯ ಮೈಗೆ. ಗೋಣಿಚೀಲ, ಹಳೆ ಲುಂಗಿ, ಹರಿದ ಸೊಳ್ಳೆಪರದೆ, ಸ್ಕೂಲ್ ಬ್ಯಾಗಿನ ಪಟ್ಟಿ, ಹಳೆ ಪತ್ರಿಕೆ. ಪಂಕ್ಚರ್ ಅಂಗಡಿಯಲ್ಲಿ ಹಳೆ ಟ್ಯೂಬು ಸಿಗುತ್ತದೆ. ಅರ್ಧ ಇಂಚಿನ ಉದ್ದ ಸೀಳು ಮಾಡಿಟ್ಟುಕೊಳ್ಳಿ. ಬಿದಿರಿನ ಗಂಟಿಗೆ ಇದಕ್ಕಿಂತ ಒಳ್ಳೆಯ ಹಗ್ಗವಿಲ್ಲ: ಎಳೆದು ಸುತ್ತಿದರೆ ಬಿಗಿಯಾಗಿ ಕೂರುತ್ತದೆ, ಬಿಚ್ಚುವುದೂ ಸುಲಭ, ಬೈಂಡಿಂಗ್ ತಂತಿಯ ಹಾಗೆ ಮಗುವಿನ ಕಣ್ಣಿಗೆ ಚುಚ್ಚುವುದಿಲ್ಲ. ಅಡಿಕೆ ಹಾಳೆಯಂತೂ ಬೇಕೇ ಬೇಕು.

ಬಿದಿರನ್ನು ಕಾಡಿನಿಂದ ಕಡಿದು ತರಬೇಡಿ. ಕಾಡಿನ ಹೆಸರಲ್ಲಿ ಮೆರವಣಿಗೆ ಹೊರಟು ಕಾಡಿಗೇ ಕತ್ತಿ ಹಾಕಿದಂತಾಗುತ್ತದೆ. ಪೆಂಡಾಲಿನದು ಸಾಲದಿದ್ದರೆ ಮೇದರ ಹತ್ತಿರ ಕೊಳ್ಳಿ. ಹಾಗೇ ಒಂದು ಮಧ್ಯಾಹ್ನಕ್ಕೆ ಅವರನ್ನು ಕರೆಸಿ, ಕೂಲಿ ಕೊಟ್ಟು, ಬಿದಿರು ಸೀಳುವುದನ್ನು ಕಲಿಯಿರಿ. ನಾವು ಮೂರು ದಿನ ಕೈ ಕೊಯ್ದುಕೊಂಡು ಮಾಡಿದ ಕೆಲಸವನ್ನು ಒಬ್ಬರು ಅರ್ಧ ಗಂಟೆಯಲ್ಲಿ ಮುಗಿಸಿ, ಕಾಫಿ ಕುಡಿಯುತ್ತ ಕೂತರು.

ಥರ್ಮಾಕೋಲ್ ಮುಟ್ಟಬೇಡಿ. ಅಲಂಕಾರದ ಥರ್ಮಾಕೋಲು 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ. ನಿಷೇಧವಿಲ್ಲದಿದ್ದರೂ, ಮಳೆ ಬಂದ ಮೇಲೆ ಚರಂಡಿಯಲ್ಲಿ ತೇಲುವ ಅರ್ಧ ಮಂಗಟ್ಟೆಯನ್ನು ನೋಡುವುದು ಚೆಂದವಲ್ಲ.

ಮೈ ಕಟ್ಟುವುದು

ಇಬ್ಬರು ಒಳಗೆ ಹೊಕ್ಕು ನಡೆಯುವ ಕಾಟಿಯನ್ನೇ ಉದಾಹರಣೆಗೆ ಹಿಡಿಯುತ್ತೇನೆ. ಕಡವೆ, ಕರಡಿ, ಆನೆಮರಿಗೂ ಇದೇ ಕ್ರಮ.

ಕಾಫಿ ಕಣದಲ್ಲೋ ಸಿಮೆಂಟು ಅಂಗಳದಲ್ಲೋ ಸೀಮೆಸುಣ್ಣದಿಂದ ಪ್ರಾಣಿಯನ್ನು ಬದಿಯಿಂದ ಕಂಡಂತೆ ನಿಜವಾದ ಅಳತೆಗೆ ಬರೆಯಿರಿ. ದೊಡ್ಡ ಗಂಡು ಕಾಟಿ ಹೆಗಲಿಗೆ ಆರಡಿಯವರೆಗೂ ಬರುತ್ತದೆ. ನಮ್ಮದು ಐದಡಿ ಸಾಕು. ಒಳಗೆ ನಿಲ್ಲುವ ಇಬ್ಬರನ್ನು ಆ ಗೆರೆಯ ಮೇಲೆ ಮಲಗಿಸಿ ನೋಡಿ, ಅವರ ಹೆಗಲು ಎಲ್ಲಿ ಬರುತ್ತದೆಂದು ಗುರುತು ಹಾಕಿ. ಇಬ್ಬರೂ ಒಂದೇ ಎತ್ತರದವರಿರಲಿ. ಗಂಡ ಹೆಂಡತಿಯನ್ನು ಒಂದೇ ಕಾಟಿಯೊಳಗೆ ಹಾಕಬೇಡಿ, ಇದು ಅನುಭವದ ಮಾತು.

ಬಿದಿರನ್ನು ಒಂದು ಇಂಚು ಅಗಲಕ್ಕೆ ಸೀಳಿ, ಒಳಗಿನ ಗಂಟು ಹೆರೆದು, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಬಾಗಿಸಿ ಮೂರು ಬಳೆ ಮಾಡಿ: ಎದೆಗೆ ದೊಡ್ಡದು, ಹೊಟ್ಟೆಗೆ ಅದಕ್ಕಿಂತ ಸ್ವಲ್ಪ ಚಿಕ್ಕದು, ಪೃಷ್ಠಕ್ಕೆ ಇನ್ನೂ ಚಿಕ್ಕದು. ಬಳೆಗಳು ಪೂರ್ತಿ ದುಂಡಗೆ ಬೇಡ, ತಳ ತೆರೆದಿರಲಿ, ಕಾಲಾಡಬೇಕು. ಮೂರನ್ನೂ ಉದ್ದದ ಐದು ಗಳುಗಳಿಂದ ಕೂಡಿಸಿ, ಬೆನ್ನಿಗೊಂದು, ಪಕ್ಕಗಳಿಗೆ ಎರಡೆರಡು. ಪ್ರತಿ ಕೂಡುವ ಜಾಗಕ್ಕೂ ಟ್ಯೂಬಿನ ಸೀಳನ್ನು ಅಡ್ಡಗುಣಿಸಿ ಸುತ್ತಿ. ಬೆನ್ನಿನ ಗಳುವಿನ ಮೇಲೆ ಮುಂದಿನ ಅರ್ಧಕ್ಕೆ ಮಾತ್ರ ಇನ್ನೊಂದು ಬಿಲ್ಲು ಕಟ್ಟಿದರೆ ದಿಂಡು ಬಂತು.

ಈಗ ಅಲುಗಾಡಿಸಿ ನೋಡಿ. ಓರೆಯಾಗುತ್ತಿದ್ದರೆ ಪಕ್ಕಗಳಿಗೆ ಕರ್ಣರೇಖೆಯಲ್ಲಿ ಒಂದೊಂದು ಸೀಳು ಕೊಡಿ. ಬರಿಯ ಚೌಕ ಜೋಲುತ್ತದೆ, ತ್ರಿಕೋನ ಜೋಲುವುದಿಲ್ಲ.

ಹೆಗಲಪಟ್ಟಿಯಲ್ಲೇ ಎಲ್ಲರೂ ಸೋಲುವುದು. ಹಗ್ಗ ಕಟ್ಟಿಬಿಡುತ್ತಾರೆ, ಅರ್ಧ ಗಂಟೆಯಲ್ಲಿ ಹೆಗಲು ಕೆಂಪು. ಬ್ಯಾಗಿನ ಅಗಲ ಪಟ್ಟಿಯನ್ನು ಎದೆಯ ಬಳೆಗೂ ಪೃಷ್ಠದ ಬಳೆಗೂ ಎರಡೆರಡು ಹೊಲಿದು, ಕೆಳಗೆ ಮಡಿಸಿದ ಟವೆಲ್ ಇಡಿ. ಒಬ್ಬರ ಹೆಗಲಿಗೆ ಐದಾರು ಕೆಜಿ ಮೀರಬಾರದು ಎನ್ನುವುದು ನನ್ನ ಲೆಕ್ಕ. ಮಕ್ಕಳ ವೇಷ ಒಂದು ಕೆಜಿಯೊಳಗೆ ಮುಗಿಯಲಿ. ತೂಗಿ ನೋಡಿ, ಕಾಫಿ ತೂಗುವ ತಕ್ಕಡಿ ಇದ್ದೇ ಇದೆ.

ಹೊದಿಕೆಗೆ ಕರಿ ಕೊಡೆಬಟ್ಟೆಯನ್ನೋ, ಇದ್ದಿಲು ಬೆರೆಸಿದ ಅಂಟಿನಲ್ಲಿ ಅದ್ದಿದ ಗೋಣಿಯನ್ನೋ ಬಳಸಿ. ಹೊಟ್ಟೆಯ ಭಾಗದಲ್ಲಿ ಗಾಳಿಯಾಡಲು ಸೊಳ್ಳೆಪರದೆ ಹೊಲಿದು ಕಪ್ಪು ಬಳಿಯಿರಿ. ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ಕಾಲಿಗೆ ಕಪ್ಪು ಪ್ಯಾಂಟು, ಅದರ ಮೇಲೆ ಮೊಣಕಾಲಿನವರೆಗೆ ಶಾಲೆಯ ಬಿಳಿ ಸಾಕ್ಸು. ಇಡೀ ಕಾಟಿಯಲ್ಲಿ ಹೆಚ್ಚು ಮೆಚ್ಚುಗೆ ಸಿಕ್ಕಿದ್ದು ಆ ಸಾಕ್ಸಿಗೆ.

ತಲೆ

ತಲೆಯನ್ನು ಬೇರೆಯೇ ಮಾಡಿ, ಕಳಚಿಡುವಂತೆ ಕಟ್ಟಿ. ತಳಕ್ಕೆ ಹಳೆ ಕುಕ್ಕೆಯೊಂದನ್ನು ಮಗುಚಿ, ಮುಸುಡಿಗೆ ಪತ್ರಿಕೆ ಉಂಡೆ ಮಾಡಿ ಅಂಟಿಸಿ. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು, ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವ ತನಕ ಕಾಸಿ, ಒಂದು ಹಿಡಿ ಉಪ್ಪು ಹಾಕಿ. ಹುಳು ಬೀಳದಿರಲೆಂದು ಹಳಬರು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಬೋರ್ಡೋ ದ್ರಾವಣಕ್ಕೆಂದು ತಂದದ್ದು ತೋಟದ ಮನೆಯಲ್ಲಿ ಇದ್ದೇ ಇರುತ್ತದೆ, ಕೈಗೂ ಸಿಗುತ್ತದೆ. ಆದರೆ ಅದು ವಿಷ. ಮಕ್ಕಳು ಕೈ ಅದ್ದುವ ಅಂಟಿಗೆ ಖಂಡಿತ ಬೇಡ.

ಪತ್ರಿಕೆಯನ್ನು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚು ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಒಟ್ಟು ಐದು ಪದರ. ಒಂದು ಪೂರ್ತಿ ಒಣಗದೆ ಇನ್ನೊಂದು ಹಾಕಬಾರದು. ಪುಸ್ತಕದಲ್ಲಿ ಇದನ್ನು ಓದುವವರಿಗೆ ಒಣಗುವುದು ಸುಲಭ, ಮಲೆನಾಡಿನ ಸೆಪ್ಟೆಂಬರಿನಲ್ಲಿ ಮಾಡುವವರಿಗೆ ಗೊತ್ತು ಕಷ್ಟ. ಹೊರಗೆ ಇಟ್ಟರೆ ಮೂರು ದಿನಕ್ಕೆ ಬೂಷ್ಟು. ನಾವು ಬಚ್ಚಲ ಹಂಡೆಯ ಒಲೆಯ ಮೇಲೆ, ಹೊಗೆ ತಾಗುವ ಎತ್ತರದಲ್ಲಿ, ಹಗ್ಗದಿಂದ ತೂಗುಹಾಕುತ್ತೇವೆ. ನಸುಕಿನಲ್ಲಿ ಬಚ್ಚಲಿಗೆ ಹೋದ ನೆಂಟರೊಬ್ಬರು ಕತ್ತಲಲ್ಲಿ ಕಾಟಿಯ ಮುಖ ನೋಡಿ ಚೀರಿದ್ದು ಬೇರೆ ಕತೆ. ಪೂರ್ತಿ ಒಣಗಿದ ಮೇಲೆ ಮೇಲೊಂದು ತೆಳು ಫೆವಿಕಾಲ್ ನೀರು. ಇದನ್ನು ಬಿಟ್ಟರೆ ಒಂದು ಜಡಿಮಳೆಗೆ ಮುಖ ಇಳಿದು ಗಂಜಿಯಾಗುತ್ತದೆ.

ಕೊಂಬಿಗೆ ಅಡಿಕೆ ಹಾಳೆಯನ್ನು ನೆನೆಸಿ ಸುರುಳಿ ಸುತ್ತಿ ಬಾಗಿಸಿ ಕಟ್ಟಿಡಿ, ಒಣಗಿದ ಮೇಲೆ ಹಾಗೇ ನಿಲ್ಲುತ್ತದೆ. ಬಣ್ಣ ತಿಳಿ ಹಳದಿ, ತುದಿ ಕಪ್ಪು. ಕೆಮ್ಮಣ್ಣು, ಸುಣ್ಣ, ಇದ್ದಿಲು, ಗಟ್ಟಿ ಕಾಫಿ ಡಿಕಾಕ್ಷನ್, ಈ ನಾಲ್ಕರಲ್ಲಿ ಮಲೆನಾಡಿನ ಮುಕ್ಕಾಲು ಪ್ರಾಣಿಗಳ ಬಣ್ಣ ಮುಗಿಯುತ್ತದೆ. ಅರಿಶಿನ ನೋಡಲು ಚೆಂದ, ಬಿಸಿಲಿಗೆ ನಿಲ್ಲದು. ಅದನ್ನು ಕೊನೆಯ ದಿನ ಬಳಿಯಿರಿ.

ಒಬ್ಬರೇ ಮಾಡುವುದಾದರೆ ಚಿಪ್ಪುಹಂದಿ

ಗುಂಪು ಸಿಗದವರಿಗೆ ನಾನು ಕಣ್ಣು ಮುಚ್ಚಿ ಸೂಚಿಸುವುದು ಇದನ್ನೇ. ಅಡಿಕೆ ಹಾಳೆ ಹುಟ್ಟಿದ್ದೇ ಇದಕ್ಕಾಗಿ ಎನಿಸುತ್ತದೆ. ಹಾಳೆಯಿಂದ ಅಂಗೈಯಷ್ಟು ದೊಡ್ಡ ಎಲೆಯಾಕಾರದ ಚಿಪ್ಪುಗಳನ್ನು ಕತ್ತರಿಸಿ. ಹಳೆಯ ದಪ್ಪ ಕಂಬಳಿಯನ್ನೋ ಗೋಣಿಯ ನಿಲುವಂಗಿಯನ್ನೋ ಹರವಿ, ಬಾಲದ ತುದಿಯಿಂದ ಹೊಲಿಯಲು ಶುರುಮಾಡಿ. ಹೆಂಚು ಹೊದಿಸುವವರು ಸೂರಿನಿಂದ ಮೇಲಕ್ಕೆ ಹೋಗುವುದಿಲ್ಲವೇ, ಹಾಗೆ. ತಲೆಯಿಂದ ಶುರುಮಾಡಿದರೆ ಚಿಪ್ಪು ತಿರುಗುಮುರುಗಾಗಿ, ನಿಮ್ಮ ಚಿಪ್ಪುಹಂದಿ ಕೆದರಿದ ಹುಂಜದಂತೆ ಕಾಣುತ್ತದೆ. ಮೈ ಸುತ್ತ ಹನ್ನೊಂದರಿಂದ ಹದಿಮೂರು ಸಾಲು. ಮುಖಕ್ಕೂ ಹೊಟ್ಟೆಗೂ ಚಿಪ್ಪಿಲ್ಲ, ಅಲ್ಲಿ ಬರಿಯ ಬಟ್ಟೆ ಸಾಕು.

ಚಿಪ್ಪುಹಂದಿಯ ಆಟವೂ ಸುಲಭ. ಮುಂಗೈ ಮಡಚಿ ಎದೆಗೆ ಒತ್ತಿಕೊಂಡು, ಬಗ್ಗಿ, ಹಿಂಗಾಲಿನ ಮೇಲೆ ತೂಗುತ್ತ ನಡೆಯಿರಿ. ಯಾರಾದರೂ ಹತ್ತಿರ ಬಂದರೆ ಅಲ್ಲೇ ಮುದುಡಿ ಉಂಡೆಯಾಗಿ. ಬೀದಿಯಲ್ಲಿ ಅದಕ್ಕೆ ಸಿಕ್ಕಷ್ಟು ಕೇಕೆ ಹುಲಿಗೂ ಸಿಕ್ಕಿಲ್ಲ.

ಅಟ್ಟದಲ್ಲಿದ್ದರೂ ತರಬಾರದ್ದು

ಮಲೆನಾಡಿನ ಹಳೆ ಮನೆಗಳಲ್ಲಿ ಕಡವೆ ಕೊಂಬು, ಮುಳ್ಳುಹಂದಿಯ ಮುಳ್ಳು, ಅಜ್ಜನ ಕಾಲದ ಚರ್ಮ ಇರುವುದುಂಟು. "ನಿಜದ ಕೊಂಬೇ ಇದೆಯಲ್ಲ, ಕಟ್ಟಿಬಿಡೋಣ" ಎನ್ನುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಅಂಗಾಂಗ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾದೀತು, ತಾನಾಗಿ ಉದುರಿದ ಕೊಂಬೂ ನಿಮ್ಮದಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕದ ಪ್ರಕರಣಗಳು ರಾಜ್ಯದಲ್ಲೆಲ್ಲ ಸುದ್ದಿಯಾದದ್ದು ನೆನಪಿರಲಿ. ಅದೇ ಕಾರಣಕ್ಕೆ ಗರಿ, ಹಲ್ಲು, ಉಗುರು ಯಾವುದೂ ಬೇಡ. ಹಾವು ಹಿಡಿಯುವವರನ್ನು ಕರೆಸಿ ಡಬ್ಬದಲ್ಲಿ ನಾಗರಹಾವು ತರಿಸುವ ಉಮೇದೂ ಬೇಡ. ಕೈಯಲ್ಲಿ ಮಾಡಿದ್ದು ಮಾತ್ರ.

ನಡಿಗೆ, ಸದ್ದು

ಬಣ್ಣ ಒಣಗಿದೊಡನೆ ಕೆಲಸ ಮುಗಿಯಿತೆಂದುಕೊಂಡರೆ ಅದೊಂದು ಸ್ತಬ್ಧಚಿತ್ರ ಅಷ್ಟೇ. ಕನಿಷ್ಠ ಮೂರು ಸಂಜೆ ನಡೆದು ಅಭ್ಯಾಸ ಮಾಡಿ.

ಇಬ್ಬರ ಪ್ರಾಣಿಯಲ್ಲಿ ಗುಟ್ಟು ಇಷ್ಟು: ಮುಂದಿನವರ ಬಲಗಾಲೂ ಹಿಂದಿನವರ ಬಲಗಾಲೂ ಒಟ್ಟಿಗೆ ಏಳಬಾರದು. ಎದ್ದರೆ ಮೈ ಒಂಟೆಯಂತೆ ಓಲಾಡುತ್ತದೆ. ಹಿಂದಿನವರು ಅರ್ಧ ಹೆಜ್ಜೆ ಮೊದಲು ಎತ್ತಬೇಕು: ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ನಿಮ್ಮ ಕೊಟ್ಟಿಗೆಯ ಹಸು ನಡೆಯುವುದೂ ಹೀಗೇ, ಹೋಗಿ ನೋಡಿ. ಕಾಟಿ ಹತ್ತು ಹೆಜ್ಜೆ ನಡೆದು ನಿಲ್ಲಬೇಕು, ತಲೆ ತಿರುಗಿಸಿ ಜನರನ್ನು ದಿಟ್ಟಿಸಬೇಕು, ಮೂಗಿನಿಂದ ಬುಸ್ಸೆನ್ನಬೇಕು, ಮತ್ತೆ ನಡೆಯಬೇಕು. ಆ ದಿಟ್ಟಿಸುವ ಗಳಿಗೆಗೇ ಜನ ಮೊಬೈಲು ಕೆಳಗಿಳಿಸುತ್ತಾರೆ. ಕೆಂದಳಿಲು ಹಾರಿ ಹಾರಿ ಬರಲಿ, ಅಪಾಯ ಕಂಡಂತೆ ಕಂಬಕ್ಕೆ ಅಂಟಿ ಸ್ತಬ್ಧವಾಗಲಿ.

ಡಿಜೆ ಬೇಡ ಎಂದು ಸಂಘಟಕರನ್ನು ಮೊದಲೇ ಒಪ್ಪಿಸಿ. ಮಂಗಟ್ಟೆ ಹಾರುವಾಗ ರೆಕ್ಕೆಯಿಂದ ಉಗಿಬಂಡಿಯಂಥ ಸದ್ದು ಬರುತ್ತದೆ. ಎರಡು ಹಾಳೆ ಬೀಸಣಿಗೆಯನ್ನು ಒಟ್ಟಿಗೆ ಬೀಸಿದರೆ ಅದೇ ಸದ್ದು. ಸರಳೆ ಸಿಳ್ಳಾರ ಹಕ್ಕಿಗೆ ಚೆನ್ನಾಗಿ ಸಿಳ್ಳೆ ಹಾಕುವ ಹುಡುಗನೊಬ್ಬ ಸಾಕು, ಗೊತ್ತುಗುರಿಯಿಲ್ಲದೆ ಅಲೆಯುವ ರಾಗ ಹಾಕಲಿ. ತೆಂಗಿನ ಗರಟೆ ಕುಟ್ಟಿದರೆ ಕಪ್ಪೆ, ಬೆಂಕಿಪೊಟ್ಟಣದಲ್ಲಿ ಕಾಫಿಬೀಜ ಹಾಕಿ ಅಲುಗಿಸಿದರೆ ಜೀರುಂಡೆ. ಇಪ್ಪತ್ತು ಮಕ್ಕಳು ಒಟ್ಟಿಗೆ ಅಲುಗಿಸಿ ಒಮ್ಮೆಲೇ ನಿಲ್ಲಿಸಿದರೆ, ಕಾಡಿನಲ್ಲಿ ಸಂಜೆ ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ.

ದಾರಿ, ತಂತಿ, ಅನುಮತಿ

ಚಿಕ್ಕಮಗಳೂರಿನಲ್ಲಿ ಮೆರವಣಿಗೆ ಎಂದರೆ ಹೆಚ್ಚಾಗಿ ಆಜಾದ್ ಪಾರ್ಕ್ ವೃತ್ತ, ಎಂ.ಜಿ. ರಸ್ತೆ, ಹನುಮಂತಪ್ಪ ವೃತ್ತದ ಸುತ್ತಲೇ. ಹಿಂದಿನ ದಿನ ಗುಂಪಿನ ಇಬ್ಬರು ದಾರಿಯುದ್ದಕ್ಕೂ ತಲೆಯೆತ್ತಿ ನಡೆಯಿರಿ. ನೋಡಬೇಕಾದ್ದು ತಂತಿ. ಜೋತುಬಿದ್ದ ವಿದ್ಯುತ್ ತಂತಿ, ಕೇಬಲ್, ಅಡ್ಡಬಂದ ಕೊಂಬೆ. ಗೊಂಬೆಯ ಎತ್ತರ ನೆಲದಿಂದ ಹತ್ತಡಿ ಮೀರದಿರಲಿ, ಉದ್ದದ ಕೋಲಿನ ಮೇಲೆ ಹಾರುವ ಹಕ್ಕಿಯಿದ್ದರೆ ಕೋಲನ್ನೂ ಸೇರಿಸಿ ಅಳೆಯಿರಿ. ಹಸಿ ಬಿದಿರಿನಲ್ಲಿ ಕರೆಂಟು ಹರಿಯುತ್ತದೆ, ಒದ್ದೆ ಬಿದಿರಿನಲ್ಲಿ ಇನ್ನೂ ಚೆನ್ನಾಗಿ ಹರಿಯುತ್ತದೆ. ತಂತಿ ತೀರಾ ಕೆಳಗಿದ್ದರೆ ವಿದ್ಯುತ್ ಕಂಪನಿ ಮೆಸ್ಕಾಂಗೆ ಮೊದಲೇ ತಿಳಿಸಿ. ಹಾಸನದವರಿಗಾದರೆ ಸೆಸ್ಕ್.

ನೀವು ಭಾಗವಹಿಸುವವರಷ್ಟೇ ಆದರೆ ಕಾಗದಪತ್ರ ಸಂಘಟಕರ ಪಾಲು. ನೀವೇ ಹೊರಡಿಸುವುದಾದರೆ ಎರಡು ವಾರ ಮೊದಲೇ ಪೊಲೀಸ್ ಠಾಣೆಗೆ ದಾರಿ, ಸಮಯ, ಅಂದಾಜು ಜನ ಬರೆದು ಅರ್ಜಿ ಕೊಡಿ, ನಗರಸಭೆಗೆ ಪ್ರತಿ ಕೊಡಿ. ಧ್ವನಿವರ್ಧಕಕ್ಕೆ ಬೇರೆ ಅನುಮತಿ ಬೇಕು. ಆಸ್ಪತ್ರೆಯ ಸುತ್ತ ನೂರು ಮೀಟರು ನಿಶ್ಶಬ್ದ ವಲಯ, ಅಲ್ಲಿ ಜೀರುಂಡೆಗಳೂ ಸುಮ್ಮನಿರಲಿ.

ಆ ದಿನ

ಬೆಳಿಗ್ಗೆ ಎಂಟಕ್ಕೆ ಹೊರಟು ಹತ್ತೂವರೆಯೊಳಗೆ ಮುಗಿಸಿ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಯಾವಾಗ ಬೇಕಾದರೂ ಬರುತ್ತದೆ. ತಲೆಗಳಿಗೆ ಮುಚ್ಚಲು ಒಂದು ಟಾರ್ಪಾಲು ಇರಲಿ.

ದೊಡ್ಡ ಪ್ರಾಣಿಯೊಂದಕ್ಕೆ ಹೊರಗೆ ಇಬ್ಬರು ಕಾವಲಿರಬೇಕು. ಒಳಗಿರುವವರಿಗೆ ಹಳ್ಳ, ಹಂಪು, ನಿಂತ ಬೈಕು ಕಾಣುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಹೊರುವವರನ್ನು ಬದಲಿಸಿ, ನೀರು ಕೊಡಿ. ಮುಂದೆ ಚಿಕ್ಕ ಮಕ್ಕಳ ಹುಳುಹುಪ್ಪಟೆ, ಕೊನೆಯಲ್ಲಿ ದೊಡ್ಡ ಪ್ರಾಣಿ. ಹೀಗಿದ್ದರೆ ನಡಿಗೆಯ ವೇಗ ಮಕ್ಕಳದ್ದಾಗುತ್ತದೆ, ಯಾರೂ ಹಿಂದೆ ಬೀಳುವುದಿಲ್ಲ. ಮಕ್ಕಳ ಜೇಬಿನಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿ ಇಡಿ. ನಡೆಯಲಾಗದವರನ್ನು ಮನೆಯಲ್ಲಿ ಬಿಡಬೇಡಿ: ಗಾಲಿಕುರ್ಚಿಗೆ ನೀಲಿ ಸೀರೆ ಇಳಿಬಿಟ್ಟರೆ ಅದೇ ಭದ್ರಾ ಹಿನ್ನೀರು, ಮೇಲೆ ಕೊಡೆಕಡ್ಡಿಗೆ ಕಟ್ಟಿದ ಐದು ಟರ್ನ್ ಹಕ್ಕಿ. ನಮ್ಮ ಗುಂಪಿನ ಅತಿ ಚೆಂದದ ಕೆಲಸ ಅದೇ, ಕಾಟಿಯಲ್ಲ.

ಪಟಾಕಿ, ಆರತಿ, ಕರ್ಪೂರ ಹತ್ತಿರ ಬಾರದಂತೆ ನೋಡಿಕೊಳ್ಳಿ. ಭಕ್ತಿಯಿಂದ ಆನೆಗೆ ಆರತಿ ಎತ್ತಲು ಬರುವವರಿದ್ದಾರೆ, ಒಳಗೆ ಇರುವುದು ಒಣ ಬಿದಿರು ಮತ್ತು ಕಾಗದ.

ಇನ್ನೊಂದು, ಯಾರೂ ಎಚ್ಚರಿಸದ ವಿಷಯ: ಬೀದಿನಾಯಿ. ಕಾಟಿಯನ್ನು ಕಂಡು ಓಣಿಯ ನಾಯಿಗಳೆಲ್ಲ ಒಟ್ಟಾಗುತ್ತವೆ. ಓಡಬೇಡಿ, ನಿಂತುಬಿಡಿ. ಕಾವಲಿನವರು ತಲೆಯನ್ನು ಸ್ವಲ್ಪ ಎತ್ತಿ ಒಳಗಿನ ಮನುಷ್ಯನ ಮುಖ ತೋರಿಸಿದರೆ ನಾಯಿಗಳಿಗೆ ನಾಚಿಕೆಯಾಗಿ ಹೋಗುತ್ತವೆ.

ಮುಗಿದ ಮೇಲೆ

ಅದೇ ಸಂಜೆ ಬಿಚ್ಚಿ. ನಾಳೆ ಎಂದರೆ ಶೆಡ್ಡಿನಲ್ಲಿ ದೀಪಾವಳಿಯವರೆಗೂ ಕಾಟಿ ನಿಂತಿರುತ್ತದೆ. ಟ್ಯೂಬಿನ ಸೀಳು ಬಿಚ್ಚಿ ಡಬ್ಬಕ್ಕೆ, ಬಳೆಗಳನ್ನು ಒಂದರೊಳಗೊಂದು ಸೇರಿಸಿ ಗೋಡೆಗೆ, ಗೋಣಿ ಒಗೆದು ಕುಯ್ಲಿಗೆ. ಹಾಳೆಯ ಚಿಪ್ಪುಗಳು ಕಾಫಿ ಗಿಡದ ಬುಡಕ್ಕೆ ಹೋಗಲಿ. ತಲೆಯನ್ನು ಮಾತ್ರ ಉಳಿಸಿ, ಅಂಗನವಾಡಿಗೋ ಶಾಲೆಗೋ ಕೊಡಿ, ಇಲ್ಲವೇ ಬೇವಿನ ಸೊಪ್ಪಿನ ಜೊತೆ ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿ ತೂಗುಹಾಕಿ. ನೆಲಕ್ಕೆ ತಾಗಿದರೆ ಮೈದಾ ರುಚಿ ಹಿಡಿದ ಇಲಿ ಒಂದೇ ರಾತ್ರಿಗೆ ಮೂಗು ಮುಗಿಸುತ್ತದೆ. ಕೊಂಬುಗಳನ್ನು ಬಿಚ್ಚಿ ಬೇರೆ ಕಡೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡಿ. ನಮ್ಮ ಮೊದಲ ಜೊತೆ ಕೊಂಬು ಬೇಸಿಗೆ ರಜೆ ದಾಟಲಿಲ್ಲ.